ಮೂಗನ್ನು ಕೇಳದೆ ಬರೆದ ತೀರ್ಪು

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಗಾದೆ. ಬುಗುಡಿ ಈಗ ಅಜ್ಜಿಯರ ಕಿವಿಯಲ್ಲೂ ಅಪರೂಪ. ನೆಗಡಿ ಮಾತ್ರ ಎಲ್ಲರ ಮನೆಯಲ್ಲೂ ಉಳಿದಿದೆ. ಔಷಧಿ ತೆಗೆದುಕೊಂಡರೆ ಏಳು ದಿನ, ತೆಗೆದುಕೊಳ್ಳದಿದ್ದರೆ ಒಂದು ವಾರ ಎಂಬ ತಮಾಷೆಯೂ ಹಳೆಯದೇ. ಈ ತಮಾಷೆ ನಿಜವಾಗಿರುವ ತನಕ ಯಾರೂ ಹೆಚ್ಚು ಚಿಂತಿಸಬೇಕಿಲ್ಲ. ಚಿಂತಿಸಬೇಕಾದ್ದು ವಾರ ಕಳೆದು, ತಿಂಗಳು ಕಳೆದು, ಮಗು ಮುಂದಿನ ತರಗತಿಗೆ ಹೋದರೂ ಮೂಗು ಮಾತ್ರ ಹಿಂದಿನ ತರಗತಿಯಲ್ಲೇ ಉಳಿದಾಗ. ಬೆಳಿಗ್ಗೆ ಎದ್ದೊಡನೆ ಸಾಲು ಸಾಲು ಸೀನು, ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ, ರಾತ್ರಿ ಬಾಯಿ ತೆರೆದು ನಿದ್ದೆ, ಕಣ್ಣ ಕೆಳಗೆ ಕಪ್ಪು. ‘ಇವನದು ಶೀತದ ಮೈ’ ಎನ್ನುತ್ತಾರೆ ಮನೆಯವರು. ಅಲರ್ಜಿ ಇರಬಹುದೆಂದು ವೈದ್ಯರು ಪರೀಕ್ಷೆ ಬರೆಯುತ್ತಾರೆ. ವರದಿ ನೆಗೆಟಿವ್ ಬರುತ್ತದೆ. ‘ಅಲರ್ಜಿ ಇಲ್ಲವಂತೆ, ಬರೀ ಶೀತವಂತೆ’ ಎಂದು ಎಲ್ಲರಿಗೂ ನಿರಾಳ. ಮಗು ಮಾತ್ರ ಮರುದಿನವೂ ಸೀನುತ್ತಲೇ ಏಳುತ್ತದೆ.

ಇಲ್ಲಿ ಎರಡು ಪದಗಳು ಸೇರಿ ವಿಚಾರಣೆಯನ್ನು ಮುಗಿಸಿಬಿಟ್ಟಿವೆ. ಮನೆಯಲ್ಲಿ ‘ಶೀತ’, ಲ್ಯಾಬಿನಲ್ಲಿ ‘ನೆಗೆಟಿವ್’. ಮೊದಲನೆಯದು ಕಾರಣವನ್ನು ಹುಡುಕುವ ಮೊದಲೇ ಹೆಸರಿಸುತ್ತದೆ. ಎರಡನೆಯದು ಒಂದು ಕಡೆ ಹುಡುಕಿ, ಎಲ್ಲ ಕಡೆ ಹುಡುಕಿದಂತೆ ಮಾತಾಡುತ್ತದೆ. ದೀರ್ಘಕಾಲ ಮೂಗು ಸೋರುವ ಮಗುವಿಗೆ ಎರಡೂ ಅನ್ಯಾಯ ಮಾಡುತ್ತವೆ.

ಮೊದಲು ಮನೆಯ ಪದ. ಶೀತ ಎಂದರೆ ತಂಪು. ‘ಥಂಡಿ ಆಗಿದೆ’ ಎಂದರೂ ಅದೇ. ಮುಂಬೈ, ಪುಣೆಗಳ ‘ಸರ್ದಿ’ಯ ಮೂಲದಲ್ಲಿರುವುದು ಚಳಿ ಎಂಬ ಅರ್ಥದ ಪಾರ್ಸಿ ಮಾತು. ಚೆನ್ನೈನ ‘ಜಲದೋಷಂ’ ನೀರಿನ ಮೇಲೆ ಆರೋಪ ಹೊರಿಸುತ್ತದೆ. ಇಂಗ್ಲಿಷಿನ ‘ಕೋಲ್ಡ್’ ಕೂಡ ಬೇರೇನಲ್ಲ. ಇದು ಕನ್ನಡದ ಮೌಢ್ಯವಲ್ಲ, ಹಲವು ಭಾಷೆಗಳ ಹಳೆಯ ಊಹೆ. ಆದರೆ ಊಹೆ ಹೆಸರಾಗಿ ಕೂತ ಮೇಲೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕಾಯಿಲೆಯ ಹೆಸರೇ ತಂಪು ಎಂದಾದರೆ ಚಿಕಿತ್ಸೆ ತಂಪನ್ನು ದೂರವಿಡುವುದೇ ಆಗಬೇಕಲ್ಲ? ಆದ್ದರಿಂದ ಮೊಸರು ನಿಲ್ಲುತ್ತದೆ. ಬಾಳೆಹಣ್ಣು, ಕಿತ್ತಳೆ, ಸೌತೆಕಾಯಿ, ಎಳನೀರು ಒಂದೊಂದಾಗಿ ತಟ್ಟೆಯಿಂದ ಮಾಯವಾಗುತ್ತವೆ. ತಲೆಸ್ನಾನ ವಾರಕ್ಕೊಮ್ಮೆ, ಫ್ಯಾನು ಒಂದೇ ನಂಬರಿನಲ್ಲಿ. ಮಳೆಗಾಲದಲ್ಲಿ ಆಟಕ್ಕೆ ರಜೆ.

ಬೇರೆ ಯಾವ ಲಕ್ಷಣವೂ ಇಲ್ಲದೆ ಮೂಗು ಮಾತ್ರ ವರ್ಷವಿಡೀ ಸೋರಲು ಆಹಾರದ ಅಲರ್ಜಿ ಕಾರಣವಾಗುವುದು ಬಹಳ ಅಪರೂಪ. ಮೊಸರು ತಿಂದರೆ ಕಫ ಹೆಚ್ಚುತ್ತದೆ ಎಂಬುದಕ್ಕೂ ಗಟ್ಟಿಯಾದ ಆಧಾರವಿಲ್ಲ. ಶೀತವಾಯಿತೆಂದು ಮೂಗು ಕೊಯ್ದುಕೊಂಡರು ಎಂಬ ಮಾತಿದೆ. ಇಲ್ಲಿ ಮಗುವಿನ ಊಟವನ್ನು ಕೊಯ್ಯಲಾಗುತ್ತಿದೆ. ಅತ್ತ ನಿಜವಾದ ಕಾರಣ ತಲೆದಿಂಬಿನೊಳಗೆ ಹಾಯಾಗಿದೆ.

‘ಶೀತ’ಕ್ಕೆ ಹೋಲಿಸಿದರೆ ‘ರೈನೈಟಿಸ್’ ವಿನಯವಂತ ಪದ. ಮೂಗಿನ ಒಳಪದರದ ಉರಿಯೂತ, ಅಷ್ಟೇ ಅದರ ಅರ್ಥ. ಎಲ್ಲಿ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಏಕೆ ಎಂಬುದನ್ನು ಮುಂದೆ ಕಂಡುಹಿಡಿಯಬೇಕು ಎಂದು ಒಪ್ಪಿಕೊಂಡಿರುವ ಪದ ಅದು. ಅಂತರರಾಷ್ಟ್ರೀಯ ತಜ್ಞರ ‘ಏರಿಯಾ’ ಮಾರ್ಗಸೂಚಿ 2001ರಲ್ಲಿ ಅಲರ್ಜಿಯ ರೈನೈಟಿಸ್ಸನ್ನು ಕಾಲದ ಅಳತೆಯಲ್ಲಿ ವಿಂಗಡಿಸಿತು: ವಾರಕ್ಕೆ 4 ದಿನಕ್ಕಿಂತ ಹೆಚ್ಚು, ಸತತ 4 ವಾರಕ್ಕಿಂತ ಹೆಚ್ಚು ಕಾಲ ಲಕ್ಷಣಗಳಿದ್ದರೆ ಅದು ನಿರಂತರ ಬಗೆಯದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ವೈರಸ್ಸಿನ ನೆಗಡಿ ಬರುವುದು ಸಹಜವೇ. ಆದರೆ ಆ ನೆಗಡಿಗಳ ನಡುವೆ ಬಿಡುವಿರುತ್ತದೆ. ಒಮ್ಮೊಮ್ಮೆ ಜ್ವರ, ಗಂಟಲುನೋವು ಇರುತ್ತದೆ. ಹತ್ತು ದಿನದೊಳಗೆ ಹೆಚ್ಚುಕಡಿಮೆ ಇಳಿಯುತ್ತದೆ. ಬಿಡುವೇ ಇಲ್ಲದ, ಜ್ವರವಿಲ್ಲದ, ತುರಿಕೆಯಿರುವ, ನೀರಿನಂತೆ ಸೋರುವ ಮೂಗು ಬೇರೆ ಕಥೆ ಹೇಳುತ್ತಿದೆ.

ಆ ಕಥೆಯನ್ನು ಕೇಳಲು ಹೊರಟ ಪರೀಕ್ಷೆಗಳು ಯಾವುವು? ಮುಖ್ಯವಾಗಿ ಎರಡು. ಒಂದು, ಮುಂಗೈ ಅಥವಾ ಬೆನ್ನಿನ ಮೇಲೆ ಅಲರ್ಜಿಕಾರಕಗಳ ಹನಿಯಿಟ್ಟು ಚುಚ್ಚುವ ಚರ್ಮದ ಪರೀಕ್ಷೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ದದ್ದು ಎದ್ದರೆ ಪಾಸಿಟಿವ್. ಇನ್ನೊಂದು, ರಕ್ತದಲ್ಲಿ ನಿರ್ದಿಷ್ಟ ಐಜಿಇ ಪ್ರತಿಕಾಯಗಳನ್ನು ಅಳೆಯುವುದು. ಎರಡೂ ಒಳ್ಳೆಯ ಪರೀಕ್ಷೆಗಳು. ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ: ಅಲರ್ಜಿಯ ಪ್ರತಿಕಾಯ ಮೈಯೆಲ್ಲ ಹರಡಿದೆಯೇ? ತೊಂದರೆ ಮೂಗಿನಲ್ಲಿ, ವಿಚಾರಣೆ ತೋಳಿನಲ್ಲಿ.

ಬಹುಪಾಲು ಮಕ್ಕಳ ವಿಷಯದಲ್ಲಿ ಇದರಿಂದ ಬಾಧೆಯಿಲ್ಲ. ಮೂಗಿನಲ್ಲಿರುವುದು ಮೈಯಲ್ಲೂ ಇರುತ್ತದೆ. ಎಲ್ಲರಲ್ಲೂ ಹಾಗಿರುವುದಿಲ್ಲ ಎಂಬ ಸುಳಿವು ಸಿಕ್ಕಿದ್ದು ಇವತ್ತು ನಿನ್ನೆಯಲ್ಲ. ಐಜಿಇ ಪ್ರತಿಕಾಯಕ್ಕೆ ಆ ಹೆಸರು ಅಧಿಕೃತವಾದದ್ದು 1968ರಲ್ಲಿ. ಏಳೇ ವರ್ಷಗಳಲ್ಲಿ, 1975ರಲ್ಲಿ, ಹಗಿನ್ಸ್ ಮತ್ತು ಬ್ರಾಸ್ಟಾಫ್ ಎಂಬ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಚರ್ಮದ ಪರೀಕ್ಷೆ ನೆಗೆಟಿವ್ ಆದ ರೋಗಿಗಳ ಮೂಗಿನ ಸ್ರಾವದಲ್ಲೇ ಧೂಳಿನ ನುಸಿಯ ವಿರುದ್ಧದ ಐಜಿಇ ಇರುವುದನ್ನು ವರದಿ ಮಾಡಿದರು. ಮೂಗಿನ ಒಳಪದರ ತನ್ನ ಮಟ್ಟಿಗೆ ಪ್ರತಿಕಾಯ ತಯಾರಿಸಿಕೊಂಡು, ಅದು ಅಲ್ಲಿನ ಕೋಶಗಳಿಗೇ ಅಂಟಿಕೊಂಡು, ರಕ್ತಕ್ಕೆ ಅಳೆಯುವಷ್ಟೂ ಹರಿಯದೆ ಇರಬಹುದು ಎಂಬುದು ಇದರ ಅರ್ಥ. ಸ್ಪೇನಿನ ಮಾಲಗಾದಲ್ಲಿ ಕಾರ್ಮೆನ್ ರೊಂಡಾನ್ ಮತ್ತು ಸಂಗಡಿಗರು ಇದನ್ನು ಎರಡು ದಶಕಗಳಿಂದ ಬೆನ್ನುಹತ್ತಿದ್ದಾರೆ. ಈಗ ಇದಕ್ಕೆ ಸ್ಥಳೀಯ ಅಲರ್ಜಿಕ್ ರೈನೈಟಿಸ್ ಎಂಬ ಹೆಸರಿದೆ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ರೈನೈಟಿಸ್ ಇದ್ದ 428 ಮಂದಿಯಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರು ಈ ಗುಂಪಿಗೆ ಸೇರಿದ್ದರು. ಅದು ವಯಸ್ಕರ ಲೆಕ್ಕ, ಸ್ಪೇನಿನ ಲೆಕ್ಕ. ಮಕ್ಕಳಲ್ಲಿ ನಡೆದ ಅಧ್ಯಯನಗಳ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಏಷ್ಯಾದ ಕೆಲವು ಅಧ್ಯಯನಗಳಲ್ಲಿ ಪ್ರಮಾಣ ಬಹಳ ಕಡಿಮೆಯೇ ಇದೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ.

ಕನ್ನಡದ ಮನೆಮಾತಿನಲ್ಲಿ ಅಲರ್ಜಿಗೆ ಸೊಗಸಾದ ನುಡಿಯಿದೆ: ಮೈಗೆ ಒಗ್ಗುವುದಿಲ್ಲ. ಚರ್ಮದ ಪರೀಕ್ಷೆಯೂ ರಕ್ತಪರೀಕ್ಷೆಯೂ ಇದೇ ನುಡಿಯನ್ನು ನಂಬಿವೆ. ಸ್ಥಳೀಯ ಅಲರ್ಜಿ ಈ ನುಡಿಯನ್ನು ತಿದ್ದುತ್ತದೆ: ಮೂಗಿಗೆ ಒಗ್ಗುವುದಿಲ್ಲ, ಮೈಗೆ ಅದರ ಸುದ್ದಿಯೇ ಇಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಮೂಗನ್ನೇ ಕೇಳಿ. ಅನುಮಾನವಿರುವ ಅಲರ್ಜಿಕಾರಕವನ್ನು ಅಳತೆ ಮಾಡಿ ಮೂಗಿಗೆ ಹಾಕಿ, ಸೀನು, ಸೋರಿಕೆ, ಉಸಿರಿನ ಹರಿವು ಎಷ್ಟು ಬದಲಾಯಿತು ಎಂದು ನೋಡುವ ಪ್ರಚೋದನಾ ಪರೀಕ್ಷೆ ಇದೆ. ಇದು ಹೊಸ ಕಾಲದ ಚಮತ್ಕಾರವಲ್ಲ. ಸ್ವತಃ ಹೇ ಫೀವರಿನಿಂದ ಬಳಲುತ್ತಿದ್ದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಪರಾಗವನ್ನು ತನ್ನ ಮೂಗಿಗೂ ಹಾಕಿಕೊಂಡ, ಕೆರೆದ ಚರ್ಮಕ್ಕೂ ಹಚ್ಚಿಕೊಂಡ. 1873ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದ್ದು 1906ರಲ್ಲಿ. ಅಂದರೆ ಪದ ಹುಟ್ಟುವ ಮೂವತ್ತಮೂರು ವರ್ಷ ಮೊದಲೇ ಎರಡೂ ಪರೀಕ್ಷೆಗಳು ಒಬ್ಬನೇ ಮನುಷ್ಯನ ಕೈಯಲ್ಲಿದ್ದವು. ಮುಂದೆ ಚರ್ಮದ ದಾರಿ ಹೆದ್ದಾರಿಯಾಯಿತು, ಮೂಗಿನ ದಾರಿ ಕಾಲುಹಾದಿಯಾಗಿ ಉಳಿಯಿತು. ಚರ್ಮ ಸುಲಭ, ಅಗ್ಗ, ಒಂದೇ ಕೂರಿಕೆಯಲ್ಲಿ ಹತ್ತಾರು ವಸ್ತುಗಳನ್ನು ನೋಡಬಹುದು. ಅನುಕೂಲ ಒಳ್ಳೆಯದೇ. ಆದರೆ ಅನುಕೂಲವಾದ ಪರೀಕ್ಷೆ ಹೇಳಿದ್ದೇ ಕೊನೆಯ ಮಾತು ಎಂಬ ನಿಯಮವನ್ನು ಯಾರು ಮಾಡಿದರು?

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಮೂಗಿನ ಪ್ರಚೋದನಾ ಪರೀಕ್ಷೆ ಎಲ್ಲಿ ಸಿಗುತ್ತದೆ? ನಿಜ, ಬೀದಿಬೀದಿಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ, ಸಿಗಲೂ ಬಾರದು. ಅದಕ್ಕೆ ಅನುಭವವಿರುವ ಕೇಂದ್ರ ಬೇಕು, ಸರಿಯಾದ ಅಲರ್ಜಿಕಾರಕ ದ್ರಾವಣ ಬೇಕು. ಹತೋಟಿಯಲ್ಲಿಲ್ಲದ ಆಸ್ತಮಾ ಇರುವ ಮಗುವಿಗೆ ಅದನ್ನು ಮಾಡುವಂತಿಲ್ಲ. ತೀರಾ ಚಿಕ್ಕ ಮಕ್ಕಳು ಸಹಕರಿಸುವುದೂ ಕಷ್ಟ. ಆದರೆ ಪರೀಕ್ಷೆ ಸಿಗದಿರುವುದಕ್ಕೂ ರೋಗ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ‘ಗೊತ್ತಾಗಿಲ್ಲ’ ಎನ್ನಬೇಕಾದ ಕಡೆ ‘ಇಲ್ಲ’ ಎಂದು ಬರೆಯುವುದು ಸಂಪನ್ಮೂಲದ ಕೊರತೆಯಲ್ಲ, ವಾಕ್ಯದ ತಪ್ಪು. ಅದನ್ನು ತಿದ್ದಲು ಯಂತ್ರ ಬೇಕಿಲ್ಲ.

ಎರಡನೆಯ ಆಕ್ಷೇಪ: ಅಲರ್ಜಿ ಎಂದು ಗೊತ್ತಾದರೂ ಕೊಡುವುದು ಅದೇ ಸ್ಪ್ರೇ ತಾನೇ? ಅರ್ಧ ನಿಜ. ಆದರೆ ಕಾರಣ ಗೊತ್ತಾದರೆ ಮಗುವಿನ ತಟ್ಟೆಗೆ ಮೊಸರು ಮರಳಿ ಬರುತ್ತದೆ. ಧೂಳಿನ ನುಸಿಯೇ ಕಾರಣವಾದರೆ ಹಾಸಿಗೆ, ದಿಂಬು, ದುಪ್ಪಟಿಗಳ ಕಡೆ ಗಮನ ಹೋಗುತ್ತದೆ. ಪರಾಗವಾದರೆ ಯಾವ ತಿಂಗಳಿಗೆ ಮೊದಲೇ ಔಷಧಿ ಶುರುಮಾಡಬೇಕೆಂದು ತಿಳಿಯುತ್ತದೆ. ಅಲರ್ಜಿಕಾರಕವನ್ನೇ ಅಲ್ಪಸ್ವಲ್ಪವಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಸ್ಥಳೀಯ ಅಲರ್ಜಿಯಲ್ಲೂ ಪ್ರಯೋಜನಕಾರಿ ಎಂದು ವಯಸ್ಕರಲ್ಲಿ ನಡೆದ ಸಣ್ಣ ಪ್ರಯೋಗಗಳು ತೋರಿಸಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ್ಯಂಟಿಬಯಾಟಿಕ್ ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ: ಹೀಗೆ ಹೊರಟರೆ ಸೀನಿದ ಮಗುವಿಗೆಲ್ಲ ‘ಅಡಗಿದ ಅಲರ್ಜಿ’ಯ ಪಟ್ಟ ಕಟ್ಟುವುದಿಲ್ಲವೇ? ಕಟ್ಟುವ ಅಪಾಯ ಖಂಡಿತ ಇದೆ. ನೆಗೆಟಿವ್ ವರದಿಯಿರುವ ಮಕ್ಕಳಲ್ಲಿ ಹಲವರಿಗೆ ನಿಜಕ್ಕೂ ಅಲರ್ಜಿ ಇರುವುದಿಲ್ಲ. ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು, ದೆಹಲಿಯ ನವೆಂಬರಿನ ಹೊಗೆ ಇವೆಲ್ಲ ಅಲರ್ಜಿಯ ಹಂಗಿಲ್ಲದೆ ಮೂಗನ್ನು ಕೆರಳಿಸಬಲ್ಲವು. ಬಾಯಲ್ಲಿ ಉಸಿರಾಡುವ, ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿರಬಹುದು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಕಡಲೆಬೀಜವೋ ಸಿಕ್ಕಿರಬಹುದು. ಮೂಗಿನೊಳಗೆ ಪಾಲಿಪ್ ಕಂಡರೆ ಸಿಸ್ಟಿಕ್ ಫೈಬ್ರೋಸಿಸ್‌ನಂಥ ಕಾಯಿಲೆಯನ್ನೂ ನೆನೆಯಬೇಕು. ಇಲ್ಲಿನ ವಾದ ಅಲರ್ಜಿಯ ಪರವಲ್ಲ, ಹುಡುಕಾಟದ ಪರ. ‘ಇದು ಅಲರ್ಜಿಯೇ’ ಎಂದು ನೋಡದೆ ಹೇಳುವುದೂ ‘ಇದು ಶೀತವೇ’ ಎನ್ನುವಷ್ಟೇ ಸೋಮಾರಿತನ.

ಈ ಸೋಮಾರಿತನದ ಮೇಲೆ ಒಂದು ವ್ಯಾಪಾರವೂ ನಡೆಯುತ್ತಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು, ನೂರಾರು ವಸ್ತುಗಳ ‘ಫುಲ್ ಅಲರ್ಜಿ ಪ್ಯಾಕೇಜ್’ ವರದಿಯನ್ನು ಬಣ್ಣದ ಪಟ್ಟಿಯಾಗಿ ಮೊಬೈಲಿಗೆ ಕಳಿಸುವ ಜಾಹೀರಾತುಗಳನ್ನು ನೋಡದವರಿಲ್ಲ. ಮಗುವಿನ ಕಥೆ ಕೇಳದೆ ಮಾಡಿದ ಪರೀಕ್ಷೆ ಎರಡೂ ಕಡೆ ದಾರಿ ತಪ್ಪಿಸುತ್ತದೆ. ಐಜಿಇ ಪಾಸಿಟಿವ್ ಎಂದರೆ ಆ ವಸ್ತುವನ್ನು ದೇಹ ಗುರುತಿಸಿದೆ ಎಂದಷ್ಟೇ. ತೊಂದರೆ ಕೊಡುತ್ತಿರುವುದು ಅದೇ ಎಂದಲ್ಲ. ಒಟ್ಟು ಐಜಿಇ ಹೊಟ್ಟೆಹುಳುವಿನಿಂದಲೂ ಏರುತ್ತದೆ. ಕೆಲವು ಪ್ಯಾಕೇಜುಗಳಲ್ಲಿ ಸೇರಿರುವ ಆಹಾರದ ಐಜಿಜಿ ಪರೀಕ್ಷೆಗೆ ಅಲರ್ಜಿ ಗುರುತಿಸುವಲ್ಲಿ ಬೆಲೆಯೇ ಇಲ್ಲವೆಂದು ತಜ್ಞರ ಸಂಘಟನೆಗಳು ಎಚ್ಚರಿಸಿವೆ. ಪಾಸಿಟಿವ್ ಬಂದ ಮಗು ಗೋಧಿ, ಹಾಲು, ಮೊಟ್ಟೆ ಕಳೆದುಕೊಳ್ಳುತ್ತದೆ. ನೆಗೆಟಿವ್ ಬಂದ ಮಗು ತನ್ನ ದೂರನ್ನೇ ಕಳೆದುಕೊಳ್ಳುತ್ತದೆ. ಹಣ ಮಾತ್ರ ಎರಡೂ ಮನೆಗಳಿಂದ ಹೋಗುತ್ತದೆ.

ದೂರು ಕಳೆದುಕೊಂಡ ಮಗುವಿಗೆ ಏನಾಗುತ್ತದೆ? ಸಿಂಬಳ ಹಳದಿಯಾದಾಗಲೆಲ್ಲ ಆ್ಯಂಟಿಬಯಾಟಿಕ್. ಬಣ್ಣವೊಂದೇ ಬ್ಯಾಕ್ಟೀರಿಯಾದ ಗುರುತಲ್ಲ. ಹತ್ತು ದಿನ ಕಳೆದರೂ ಇಳಿಯದ, ಇಳಿದು ಮತ್ತೆ ಏರಿದ, ಅಥವಾ ಜೋರು ಜ್ವರದೊಂದಿಗೆ ಮೂರ್ನಾಲ್ಕು ದಿನ ಗಟ್ಟಿ ಸಿಂಬಳ ಸುರಿದ ಸಂದರ್ಭಗಳಲ್ಲಿ ವೈದ್ಯರು ಅದನ್ನು ಯೋಚಿಸುತ್ತಾರೆ. ಇನ್ನೊಂದು ಕಡೆ ನೆಗಡಿಯ ಸಿರಪ್ಪು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಔಷಧಿಯನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ನಮೂದಿಸಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ಮಾಂಟೆಲುಕಾಸ್ಟ್ ಬೆರೆತ ಸಿರಪ್ಪು ಎಷ್ಟೋ ಮನೆಗಳ ಫ್ರಿಜ್ಜಿನ ಕಾಯಂ ವಾಸಿ. ಅದೇ ಮಾಂಟೆಲುಕಾಸ್ಟಿಗೆ ಅಮೆರಿಕದ ಎಫ್‌ಡಿಎ 2020ರ ಮಾರ್ಚಿನಲ್ಲಿ ನಿದ್ದೆ, ನಡವಳಿಕೆ, ಮನಃಸ್ಥಿತಿಯ ಅಡ್ಡಪರಿಣಾಮಗಳ ಕುರಿತು ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಸೇರಿಸಿತು. ಅಲರ್ಜಿಯ ಮೂಗಿಗೆ ಬೇರೆ ಔಷಧಿ ಸಾಲದಾದಾಗ ಮಾತ್ರ ಇದನ್ನು ಬಳಸಿ ಎಂದಿತು. ಹೀಗಿದ್ದೂ ಸಿರಪ್ಪೆಂದರೆ ಮನೆಯವರಿಗೆ ಧೈರ್ಯ, ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಎಂದರೆ ಭಯ. ಇಲ್ಲೂ ಒಂದು ಪದ ತನ್ನ ಕೆಲಸ ಮಾಡಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಎತ್ತರದ ಮೇಲೆ ಕಣ್ಣಿಟ್ಟು, ನಡುಗೋಡೆಗೆ ತಾಗದಂತೆ ಹೊರಬದಿಗೆ ತಿರುಗಿಸಿ ಹಾಕಿದ ಸ್ಪ್ರೇ ಸಿರಪ್ಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂಗು ಕಟ್ಟಿದ್ದರಿಂದ ಯಾರೂ ಸಾಯುವುದಿಲ್ಲ ಎಂಬ ಉಡಾಫೆಗೂ ಇಲ್ಲಿ ಉತ್ತರ ಬೇಕು. ಸರಿಯಾಗಿ ನಿದ್ದೆಯಿಲ್ಲದ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಕಿವಿಯ ತಮಟೆಯ ಹಿಂಬದಿಯಲ್ಲಿ ನೀರು ನಿಂತರೆ ಶಿಕ್ಷಕರ ಮಾತು ಅರ್ಧ ಕೇಳುತ್ತದೆ. ಅದಕ್ಕೆ ‘ಮಂಕು’, ‘ಗಮನವಿಲ್ಲ’ ಎಂಬ ಬಿರುದು ಸಿಗುತ್ತದೆ. ಮೂಗೂ ಶ್ವಾಸಕೋಶವೂ ಒಂದೇ ದಾರಿಯ ಎರಡು ತುದಿಗಳು; ಆಸ್ತಮಾ ಇರುವ ಬಹುಪಾಲು ಮಕ್ಕಳಿಗೆ ಮೂಗಿನ ತೊಂದರೆಯೂ ಇರುತ್ತದೆ, ಮೂಗನ್ನು ಕಡೆಗಣಿಸಿದರೆ ಆಸ್ತಮಾ ಹತೋಟಿಗೆ ಬರುವುದೂ ಕಷ್ಟ.

ಹೊರನಾಡಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ತಾಯಿ ಕನ್ನಡದಲ್ಲಿ ಗಮನಿಸಿದ್ದನ್ನು ಹಿಂದಿಯಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಬೇಕು. ಮೂಗು ಕಟ್ಟುವುದು, ಸೋರುವುದು, ತುರಿಸುವುದು, ಗಂಟಲೊಳಗೆ ಇಳಿಯುವುದು, ಸಾಲಾಗಿ ಸೀನುವುದು. ಕನ್ನಡದಲ್ಲಿ ಇವೆಲ್ಲ ಬೇರೆ ಬೇರೆ ಕ್ರಿಯಾಪದಗಳು, ವೈದ್ಯಕೀಯವಾಗಿಯೂ ಬೇರೆ ಬೇರೆ ಸುಳಿವುಗಳು. ಕ್ಲಿನಿಕ್ಕಿನ ಬಾಗಿಲು ದಾಟುವಷ್ಟರಲ್ಲಿ ಅಷ್ಟೂ ಸೇರಿ ‘ಸರ್ದಿ ಹೈ’ ಎಂಬ ಒಂದೇ ಮಾತಾಗುತ್ತವೆ. ಅನುವಾದದಲ್ಲಿ ಕಳೆದುಹೋದದ್ದು ರೋಗನಿರ್ಣಯದ ಅರ್ಧಭಾಗ. ಕಾಯಿಲೆಯ ಹೆಸರನ್ನು ಮನೆಯಲ್ಲೇ ಬಿಟ್ಟು ಕ್ರಿಯಾಪದಗಳನ್ನು ಮಾತ್ರ ಹೊತ್ತೊಯ್ಯುವುದು ಮೇಲು. ಹೇಗಾಗುತ್ತದೆ, ಯಾವ ಹೊತ್ತಿನಲ್ಲಿ, ಯಾವ ಕೋಣೆಯಲ್ಲಿ, ಯಾವ ತಿಂಗಳಲ್ಲಿ, ಊರಿಗೆ ಹೋದಾಗ ಹೆಚ್ಚೋ ಕಡಿಮೆಯೋ?

ಕೊನೆಯ ಪ್ರಶ್ನೆ ವಲಸೆಯ ಕುಟುಂಬಗಳಿಗಷ್ಟೇ ಇರುವ ಅನುಕೂಲ. ಮುಂಬೈ, ಚೆನ್ನೈಗಳ ತೇವದ ಗಾಳಿ ಹಾಸಿಗೆಯ ನುಸಿಗೆ ಹಬ್ಬ. ದೆಹಲಿಯಲ್ಲಿ ವಸಂತಕ್ಕೆ ತಪಸಿ ಮರದ ಪರಾಗ. ಅಲ್ಲಿನ ರಿಡ್ಜ್ ಕಾಡನ್ನು ಆವರಿಸಿರುವ ವಿಲಾಯತಿ ಕೀಕರ್ ಬೇರಾವುದೂ ಅಲ್ಲ, ಕರ್ನಾಟಕದ ಬಳ್ಳಾರಿ ಜಾಲಿಯೇ. ಅದರ ಪರಾಗವೂ ಅಲರ್ಜಿಗೆ ಹೆಸರಾದದ್ದು. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದ ಮಗುವಿನ ಮೂಗು ಮೂರು ವಾರ ಸುಮ್ಮನಿದ್ದು, ಮರಳಿ ಬಂದ ರಾತ್ರಿಯೇ ಶುರುವಾದರೆ ಅದೊಂದು ಸಾಕ್ಷ್ಯ. ಅಲ್ಲಿ ಹೆಚ್ಚಾಗಿ ಇಲ್ಲಿ ಇಳಿದರೆ ಅದೂ ಸಾಕ್ಷ್ಯ. ಎರಡು ತಿಂಗಳು ದಿನಕ್ಕೊಂದು ಸಾಲಿನಂತೆ ಬರೆದಿಟ್ಟ ನೋಟುಪುಸ್ತಕ ಯಾವ ಬಣ್ಣದ ಪಟ್ಟಿಗಿಂತಲೂ ಹೆಚ್ಚು ಹೇಳಬಲ್ಲದು.

ವೈದ್ಯರಿಂದ ಕೇಳಬೇಕಾದ್ದೂ ದೊಡ್ಡದೇನಲ್ಲ. ಚರ್ಮದ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಆ್ಯಂಟಿಹಿಸ್ಟಮಿನ್ ನಿಲ್ಲಿಸಲು ಹೇಳಿದ್ದರೇ? ನೆಗಡಿಯ ಸಿರಪ್ಪಿನಲ್ಲೂ ಅದು ಇರುತ್ತದೆ. ಕುಡಿಸುತ್ತಲೇ ಮಾಡಿಸಿದರೆ ನೆಗೆಟಿವ್ ಬರುವುದು ಔಷಧಿಯ ಮಹಿಮೆ. ಮಗು ಬದುಕುವ ಊರಿನ ಪರಾಗ, ನುಸಿ, ಜಿರಳೆ, ಬೂಷ್ಟು ಪರೀಕ್ಷೆಯ ಪಟ್ಟಿಯಲ್ಲಿದ್ದವೇ? ಟಾರ್ಚು ಹಿಡಿದು ಮೂಗಿನೊಳಗೆ ಒಮ್ಮೆ ನೋಡಿದರೇ? ಎಲ್ಲ ಸರಿಯಾಗಿದ್ದೂ ನೆಗೆಟಿವ್ ಬಂದು, ಲಕ್ಷಣಗಳು ಅಲರ್ಜಿಯನ್ನೇ ಹೇಳುತ್ತಿದ್ದರೆ, ದೊಡ್ಡ ಆಸ್ಪತ್ರೆಯ ಅಲರ್ಜಿ ವಿಭಾಗಕ್ಕೆ ಕಳಿಸಬಹುದೇ? ಅದೂ ಆಗದಿದ್ದರೆ ಸ್ಪ್ರೇಯನ್ನು ಕೆಲವು ವಾರ ಸರಿಯಾಗಿ ಬಳಸಿ, ಬರೆದಿಟ್ಟು, ಮತ್ತೆ ಬಂದು ಮಾತಾಡಬಹುದೇ? ಸ್ಪ್ರೇಯಿಂದ ಕಡಿಮೆಯಾದರೆ ಅಲರ್ಜಿ ಸಾಬೀತಾದಂತಲ್ಲ. ಆದರೆ ಮಗು ನಿದ್ದೆ ಮಾಡುತ್ತದೆ, ಹುಡುಕಾಟವೂ ನಿಲ್ಲುವುದಿಲ್ಲ.

ಐದು ನಿಮಿಷಕ್ಕೊಬ್ಬ ರೋಗಿಯನ್ನು ನೋಡಬೇಕಾದ ವೈದ್ಯರಿಗೆ ಇಷ್ಟೆಲ್ಲ ಕೇಳಲು ಪುರುಸೊತ್ತಿಲ್ಲ ಎಂಬುದು ಸುಳ್ಳಲ್ಲ. ಹಾಗಾದರೆ ಕನಿಷ್ಠ ಒಂದು ವಾಕ್ಯವನ್ನಾದರೂ ಬದಲಿಸಲಿ. ‘ಅಲರ್ಜಿ ಇಲ್ಲ’ ಎಂದು ಚೀಟಿಯಲ್ಲಿ ಬರೆಯುವ ಜಾಗದಲ್ಲಿ, ‘ಚರ್ಮದಲ್ಲೂ ರಕ್ತದಲ್ಲೂ ಕಂಡುಬಂದಿಲ್ಲ, ಮೂಗಿನಲ್ಲಿ ಪರೀಕ್ಷಿಸಿಲ್ಲ’ ಎಂದು ಬರೆಯಲಿ. ಮುಂದೆ ಆ ಮಗುವನ್ನು ನೋಡುವ ಇನ್ನೊಬ್ಬ ವೈದ್ಯರು, ಬೇರೊಂದು ಊರಿನಲ್ಲಿ, ಬೇರೊಂದು ಭಾಷೆಯಲ್ಲಿ, ಅಲ್ಲಿಂದ ಶುರುಮಾಡಬಹುದು.